ವಹೀಬಾಳ ಕಾಗದ, ರಗಬನ ನಂಬರು

“ಆ ಕಾಯಿಲೆ ನನಗೇನಾದ್ರೂ ಬಂದ್ರೆ ಮೊದಲು ನನಗೇ ಹೇಳು. ನನ್ನ ಗಂಡನಿಗಲ್ಲ, ಅಣ್ಣನಿಗಲ್ಲ. ಇವನು ಬೆಳೆದು ದೊಡ್ಡವನಾದ್ಮೇಲೆ ಇವನಿಗೂ ಅಲ್ಲ. ಆಣೆ ಮಾಡು.”

“ದೇವ್ರಾಣೆ ವಹೀಬಾ. ಮೊದಲು ನಿನಗೇ ಹೇಳ್ತೀನಿ.”

ಹತ್ತೊಂಬತ್ತು ವರ್ಷದ ಹಿಂದೆ, ಸಾವಿನ ಮನೆಯ ಹೆಂಗಸರ ಕೋಣೆಯಲ್ಲಿ, ಸಕ್ಕರೆ ಹಾಕದ ಕಾಫಿಯ ಲೋಟ ಹಿಡಿದು ಕೂತಿದ್ದಾಗ ಇಬ್ಬರು ಗೆಳತಿಯರ ನಡುವೆ ನಡೆದ ಮಾತು ಇದು. ಸತ್ತವರು ವಹೀಬಾರ ತಾಯಿ. ಎದೆಯಲ್ಲಿ ಎದ್ದ ಗಂಟು ಒಡೆದು, ಹುಣ್ಣಾಗಿ, ಹದಿನಾಲ್ಕು ತಿಂಗಳು ಮಲಗಿದ್ದರು. ಏನಾಗಿದೆ ಎಂದು ಮನೆಯ ಗಂಡಸರಿಗೆ ಗೊತ್ತಿತ್ತು, ನೆರೆಯವರಿಗೆ ಗೊತ್ತಿತ್ತು, ಹಾಲು ತರುವವನಿಗೂ ಗೊತ್ತಿತ್ತು. ಅವರಿಗೊಬ್ಬರಿಗೆ ಮಾತ್ರ “ಗಾಳಿ ತಾಗಿದೆ, ವಾಸಿಯಾಗುತ್ತೆ” ಎಂದು ಹೇಳಲಾಗಿತ್ತು. ಯಾವಾಗ ವಾಸಿಯಾಗುತ್ತದೆ ಎಂದು ಕೇಳುತ್ತಲೇ ಅವರು ಹೋದರು. ಆಣೆ ಕೇಳಿದಾಗ ವಹೀಬಾರ ತೊಡೆಯ ಮೇಲೆ ಏಳು ವರ್ಷದ ಮಗ ರಗಬ್ ಮಲಗಿದ್ದ. ಆಣೆ ಮಾಡಿದ ಇನ್ಸಾಫ್‌ಗೆ ಆರೋಗ್ಯ ಘಟಕದಲ್ಲಿ ಕೆಲಸ ಸಿಕ್ಕಿ ಆಗಿನ್ನೂ ಮೂರು ತಿಂಗಳಾಗಿತ್ತು.

ಈಗ ಇನ್ಸಾಫ್‌ಗೆ ಐವತ್ತೊಂದು. ಕೆಲಸ ಅದೇ, ಮನೆಮನೆ ತಿರುಗಿ ಹೆಂಗಸರ, ಮಕ್ಕಳ ಆರೋಗ್ಯ ನೋಡುವುದು. ಊರೂ ಅದೇ, ಸುಹಾಗ್ ಜಿಲ್ಲೆಯ ಕೋಮ್ ಸಫ್ಸಾಫ್.

ಬೆಳಗಿನ ಐದು ಗಂಟೆ. ಗಂಡಸರು ನಮಾಜು ಮುಗಿಸಿ ಮಸೀದಿಯಿಂದ ನೇರ ಕಬ್ಬಿನ ಗದ್ದೆಗೆ ಹೋಗಿದ್ದಾರೆ. ಹಾಜಿ ನಬವಿಯ್ಯಾ ಎಂಬ ಅಜ್ಜಿಯ ಮನೆಯಲ್ಲಿ ಇಂದು ರೊಟ್ಟಿಯ ದಿನ. ಹಿತ್ತಿಲ ಒಲೆಯ ಸುತ್ತ ಒಂಬತ್ತು ಹೆಂಗಸರು ಮೊಣಕೈವರೆಗೆ ಹಿಟ್ಟಿನಲ್ಲಿದ್ದಾರೆ. ನಾದಿದ ಹಿಟ್ಟನ್ನು ಉಂಡೆ ಮಾಡಿ, ತೌಡು ಉದುರಿಸಿದ ಮಣ್ಣಿನ ಬಿಲ್ಲೆಗಳ ಮೇಲಿಟ್ಟು, ಬಿಸಿಲಿಗೆ ಉಬ್ಬಲೆಂದು ಹೊತ್ತೇರುವ ಮುಂಚೆ ಮಾಳಿಗೆಗೆ ಏರಿಸಬೇಕು. ಇನ್ಸಾಫ್ ಕಪ್ಪು ನಿಲುವಂಗಿಯ ತೋಳು ಮಡಚಿ ಕೂರುತ್ತಾರೆ, ಒಂದು ಹಿಡಿ ಹಿಟ್ಟು ತೆಗೆದುಕೊಳ್ಳುತ್ತಾರೆ, ಚೀಲದಿಂದ ಒಂದು ಕಡಲೆಕಾಳು ತೆಗೆದು ಅದರೊಳಗೆ ಹುದುಗಿಸಿ, ತಟ್ಟಿ, ಮನೆಯ ಕಿರಿಸೊಸೆಯ ಕೈಗೆ ಕೊಡುತ್ತಾರೆ.

“ಕಣ್ಣು ಮುಚ್ಕೋ. ಉಗುರಲ್ಲಿ ಚುಚ್ಚಬೇಡ ಮಾರಾಯ್ತಿ, ಬೆರಳಿನ ಹೊಟ್ಟೇಲಿ ಒತ್ತು. ಅಂಚಿಂದ ಶುರು ಮಾಡಿ ಸುತ್ತ ಸುತ್ತ ನಡುವಿಗೆ ಬಾ.”

ಸೊಸೆ ಹುಡುಕುತ್ತಾಳೆ, ಸಿಗುವುದಿಲ್ಲ. ಮತ್ತೊಬ್ಬಳು ಕಿತ್ತುಕೊಳ್ಳುತ್ತಾಳೆ, ಇವಳು ಮರಳಿ ಕಸಿಯುತ್ತಾಳೆ. ಹಾಜಿ ನಬವಿಯ್ಯಾ ಒಲೆಗೆ ಕಬ್ಬಿನ ರವದಿ ತುರುಕುತ್ತಾ ಗೊಣಗುತ್ತಾರೆ: “ನಲವತ್ತು ವರ್ಷ ನನ್ನ ಗಂಡ ಹುಡುಕಿದ. ಅವನಿಗೇನೂ ಸಿಗಲಿಲ್ಲ. ಈಗ ಈ ಸರ್ಕಾರದವಳು ಬಂದಿದ್ದಾಳೆ.”

“ಅವನು ಗಂಟು ಹುಡುಕ್ತಿರಲಿಲ್ಲ ಹಾಜಿಯಮ್ಮ” ಎನ್ನುತ್ತಾರೆ ಇನ್ಸಾಫ್.

ಒಂಬತ್ತು ಹೆಂಗಸರೂ ಬಿದ್ದು ಬಿದ್ದು ನಗುತ್ತಾರೆ. ಆ ನಗುವಿನ ನಡುವೆಯೇ ಕಿರಿಸೊಸೆ ಕೂಗುತ್ತಾಳೆ, “ಸಿಕ್ತು!” ಇನ್ಸಾಫ್ ಕಾಯುತ್ತಿದ್ದದ್ದು ಅದಕ್ಕೇ. ನಕ್ಕ ಹೆಂಗಸರು ಒಬ್ಬೊಬ್ಬರಾಗಿ ಒಲೆಯ ಹಿಂದಿನ ಕತ್ತಲ ಕೋಣೆಗೆ ಬರುತ್ತಾರೆ, ಅಂಗಿ ಎತ್ತುತ್ತಾರೆ. ಇಂದು ಆರು ಜನ. ಮೂವರು “ಮುಂದಿನ ಸಲ ನೋಡೋಣ” ಎಂದು ಜಾರಿಕೊಳ್ಳುತ್ತಾರೆ. “ಮುಂದಿನ ಸಲ ನಾನೇ ಸತ್ತಿದ್ರೆ?” ಎಂದು ಇನ್ಸಾಫ್ ಅವರ ಬೆನ್ನಿಗೆ ಕೂಗುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ.

ಹಿಟ್ಟು ಮತ್ತು ಕಡಲೆಯ ಉಪಾಯ ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ಘಟಕದವರು ಒಂದು ರಬ್ಬರಿನ ಎದೆ ಕೊಟ್ಟಿದ್ದರು. ಅದನ್ನು ಚೀಲದಿಂದ ತೆಗೆದ ಮೊದಲ ಮನೆಯಲ್ಲೇ ಅತ್ತೆಯೊಬ್ಬಳು ಕಿರುಚಿಕೊಂಡಳು, ಮಾವ ಬಂದು ಇನ್ಸಾಫ್ ಮೇಲೆ ಹೆಬ್ಬಾತುಗಳನ್ನು ಬಿಟ್ಟ. ಮೀನಖಂಡದ ಮೇಲೆ ಅವು ಕಚ್ಚಿದ ಗುರುತು ಇನ್ನೂ ಇದೆ. ರಬ್ಬರಿನ ಎದೆ ಈಗ ಘಟಕದ ಬೀರುವಿನಲ್ಲಿದೆ. “ಹಿಟ್ಟಿಗೆ ಯಾರೂ ಬೈಯಲ್ಲ” ಎನ್ನುತ್ತಾರೆ ಇನ್ಸಾಫ್.

ಅವರ ಪಾಲಿಗೆ ಬಂದಿರುವ ಮನೆಗಳು ಮುನ್ನೂರ ಹದಿನೆಂಟು. ವಾರಕ್ಕೆ ಐದು ದಿನ, ದಿನಕ್ಕೆ ಆರೇಳು ಮನೆ, ಕಾಲುವೆಯ ಆಚೆಗೂ ಈಚೆಗೂ ನಡಿಗೆ. ಲಸಿಕೆ, ಬಸುರಿಯರು, ಮಕ್ಕಳ ತೂಕ, ಮಾತ್ರೆ, ಎಲ್ಲ ಅವರದೇ. ಹತ್ತೊಂಬತ್ತು ವರ್ಷದಲ್ಲಿ ಗಂಟು ಸಿಕ್ಕಿ ಘಟಕಕ್ಕೆ ಕರೆದೊಯ್ದ ಹೆಂಗಸರು ನಲವತ್ತೊಂದು. ಅವರಲ್ಲಿ ಒಂಬತ್ತು ಮಂದಿಗೆ ಆ ಕಾಯಿಲೆ ಇತ್ತು. ಐವರು ಬದುಕಿದ್ದಾರೆ. ಸತ್ತ ನಾಲ್ವರ ಹೆಸರನ್ನು ಇನ್ಸಾಫ್ ಉಸಿರು ತೆಗೆದುಕೊಳ್ಳದೆ ಹೇಳುತ್ತಾರೆ. ಆಮೇಲೆ, “ಇವರಲ್ಲಿ ಇಬ್ಬರು ನನಗೆ ತೋರಿಸೋ ಹೊತ್ತಿಗೆ ವಾಸನೆ ಬರ್ತಿತ್ತು” ಎಂದು ಸೇರಿಸುತ್ತಾರೆ.

ಘಟಕದಲ್ಲಿ ಸರ್ಕಾರಿ ಸೇವೆಯ ವರ್ಷ ಮುಗಿಸಲು ಬರುವ ಡಾಕ್ಟರುಗಳು ಬದಲಾಗುತ್ತಲೇ ಇರುತ್ತಾರೆ. ಈ ವರ್ಷದವರು ಡಾ. ಮಾರಿಯಾನ್. ಇಪ್ಪತ್ತಾರು ವಯಸ್ಸಿನ, ಬಿಡುವಿಲ್ಲದ, ನಿದ್ದೆಗಣ್ಣಿನ ಹುಡುಗಿ. “ಪರದೆಯ ಹಿಂದೆ ನಾನು ಒಬ್ಬಳ ಎದೆ ಮುಟ್ಟಿ ನೋಡಿ ಒಂದು ಗಂಟು ಅಂದೆ. ಇನ್ಸಾಫಮ್ಮ ನನ್ನ ಕೈ ಹಿಡಿದು ಕಂಕುಳಿಗೆ ಒಯ್ದು, ಇನ್ನೊಂದು ಇಲ್ಲಿದೆ ಡಾಕ್ಟ್ರೇ ಅಂದ್ರು. ಇತ್ತು” ಎನ್ನುತ್ತಾರೆ ಅವರು.

ಆ ಎದೆ ವಹೀಬಾರದು.

ವಹೀಬಾರಿಗೆ ನಲವತ್ತೊಂಬತ್ತು. ಗಂಡ ಹೋಗಿ ಆರು ವರ್ಷ. ಮಗ ರಗಬ್ ಊರಿನ ನೀರೆತ್ತುವ ಪಂಪುಗಳ ರಿಪೇರಿ ಮಾಡುತ್ತಾನೆ, ಮನೆಯ ಯಜಮಾನನೂ ಅವನೇ. ಮಗಳು ನಗ್ಲಾಳ ಮದುವೆ ಗೊತ್ತಾಗಿತ್ತು. ಕಳೆದ ಚಳಿಗಾಲದ ಒಂದು ರೊಟ್ಟಿಯ ದಿನ ವಹೀಬಾ ಹಿಟ್ಟು ನಾದುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಇನ್ಸಾಫ್‌ರನ್ನು ಕತ್ತಲ ಕೋಣೆಗೆ ಎಳೆದರು. “ನನ್ನ ಹಿಟ್ಟಲ್ಲೂ ಕಡಲೆ ಇದೆ ಕಣೆ” ಎಂದರು. ಖರ್ಜೂರದ ಬೀಜದಷ್ಟು, ಅಲುಗಾಡದ ಗಂಟು. ಮರುದಿನವೇ ಘಟಕ, ಅದರ ಮರುವಾರ ಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ಎದೆಯ ಚಿತ್ರ, ಸೂಜಿ ಚುಚ್ಚಿ ತುಣುಕು ತೆಗೆದದ್ದು. ಪರೀಕ್ಷೆಯ ಫಲ ಎರಡು ವಾರದಲ್ಲಿ ಬರುತ್ತದೆ, ಫೋನ್ ಮಾಡುತ್ತೇವೆ ಎಂದರು.

ಆ ಫೋನು ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆಯುವ ಜಾಗ, ಪರೀಕ್ಷಿಸಿದ ಪ್ರತಿ ಹೆಂಗಸಿಗೂ ತುಂಬುವ ಘಟಕದ ಅರ್ಜಿಯ ಮೇಲ್ಭಾಗದಲ್ಲಿದೆ. ಅದನ್ನು ತುಂಬಿದ್ದು ಇನ್ಸಾಫ್. ಬರೆದದ್ದು ರಗಬನ ನಂಬರು.

ಇದಕ್ಕೆ ಒಂದು ಹಿನ್ನೆಲೆ ಇದೆ. ಹತ್ತು ವರ್ಷದ ಹಿಂದೆ ಇನ್ಸಾಫ್ ಒಬ್ಬಳ ಅರ್ಜಿಯಲ್ಲಿ ಅವಳದೇ ನಂಬರು ಬರೆದಿದ್ದರು. ಪಟ್ಟಣದ ಗುಮಾಸ್ತನೊಬ್ಬ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿದ. ಅಪರಿಚಿತ ಗಂಡಸಿನ ದನಿ ಕೇಳಿದ ಗಂಡ ಹೆಂಡತಿಯ ಮುಂಗೈ ಮುರಿದ. ನಮ್ಮಲ್ಲಿ ಹೆಂಗಸಿನ ನಂಬರು ಹೊರಗೆ ಹೋಗುವುದಿಲ್ಲ. ಅಂದಿನಿಂದ ಆ ಜಾಗದಲ್ಲಿ ಇನ್ಸಾಫ್ ಗಂಡನ, ಮಗನ, ಮೈದುನನ ನಂಬರು ಬರೆಯುತ್ತಾರೆ. ಹೆಂಗಸರನ್ನು ಕಾಪಾಡಲೆಂದೇ ಮಾಡಿಕೊಂಡ ಪದ್ಧತಿ. ಸಾವಿರಕ್ಕೂ ಹೆಚ್ಚು ಅರ್ಜಿಗಳಲ್ಲಿ ಹಾಗೇ ಬರೆದ ಕೈ ಅದು.

“ವಹೀಬಾ ಕೊರಳಲ್ಲಿ ಬಟ್ಟೆಯ ಚೀಲದಲ್ಲಿ ಸ್ವಂತ ಫೋನ್ ಇತ್ತು. ಅವಳ ನಂಬರು ನನಗೆ ಬಾಯಿಪಾಠ. ವಿಧವೆ, ಬೈಯೋ ಗಂಡನೂ ಇಲ್ಲ. ಆದ್ರೂ ಕೈ ರಗಬನ ನಂಬರೇ ಬರೀತು. ಬರೀವಾಗ ಆಣೆ ನೆನಪಾಗಲಿಲ್ಲ. ಒಂದು ಚೂರೂ ನೆನಪಾಗಲಿಲ್ಲ” ಎನ್ನುತ್ತಾರೆ ಇನ್ಸಾಫ್.

ಆಸ್ಪತ್ರೆಯವರು ರಗಬನಿಗೆ ಫೋನ್ ಮಾಡಿದರು. ಅವನು ಹೋಗಿ ಕಾಗದ ತಂದ. ಇನ್ಸಾಫ್‌ರನ್ನು ಕಾಲುವೆಯ ದಂಡೆಗೆ, ತಾನು ಬಿಚ್ಚಿ ಹರಡಿಕೊಂಡಿದ್ದ ಪಂಪಿನ ಹತ್ತಿರ ಕರೆಸಿಕೊಂಡ. ಗ್ರೀಸು ಹತ್ತಿದ ಕೈಯಲ್ಲಿ ಕಾಗದ ಹಿಡಿದಿದ್ದ. ಅಂದು ನಡೆದ ಮಾತನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ಒಂದಕ್ಕೊಂದು ಹೆಚ್ಚೇನೂ ತಪ್ಪುವುದಿಲ್ಲ.

“ಚಿಕ್ಕಮ್ಮ, ಅದೇ ಅಂತೆ.”

“ಕೊಡಿಲ್ಲಿ. ಹೂಂ. ನಡಿ, ನಿಮ್ಮಮ್ಮನಿಗೆ ಹೇಳೋಣ.”

“ಬೇಡ. ಮೂರು ತಿಂಗಳು ಬೇಡ. ನಗ್ಲಾ ಮದುವೆ ಆಗ್ಲಿ. ಇದು ರಕ್ತದಲ್ಲಿ ಬರೋ ಕಾಯಿಲೆ ಅಂತಾರೆ. ಅಜ್ಜಿಗಿತ್ತು, ಅಮ್ಮನಿಗೂ ಬಂತು ಅಂದ್ರೆ ಆ ಮನೆಯವರು ನಗ್ಲಾನ ಒಲ್ಲೆ ಅಂತಾರೆ. ಆಮೇಲೆ ಅವಳನ್ನ ಯಾರು ಕಟ್ಕೊಳ್ತಾರೆ?”

“ಮೂರು ತಿಂಗಳಿಗೆ ಆ ಗಂಟು ನಿನ್ನ ಮುಷ್ಟಿಯಷ್ಟಾಗುತ್ತೆ ಕಣೋ.”

“ಅಮ್ಮ ಹೆದರಿಕೊಂಡೇ ಸಾಯ್ತಾಳೆ. ಅಜ್ಜಿಗೂ ಹೇಳಿರಲಿಲ್ಲ. ಹದಿನಾಲ್ಕು ತಿಂಗಳು ಬದುಕಿದ್ಳಲ್ಲ?”

“ಬದುಕಿದ್ಳು ಅನ್ಬೇಡ. ಕೊಳೆತಳು ಅನ್ನು. ನೀನು ಆಗ ಏಳು ವರ್ಷದವನು, ಆ ಕೋಣೆಗೆ ನಿನ್ನ ಬಿಡ್ತಿರಲಿಲ್ಲ. ನಾನು ಹುಣ್ಣು ತೊಳೆದಿದ್ದೀನಿ.”

ರಗಬ್ ಅತ್ತ. ಇಬ್ಬರೂ ಅದನ್ನು ಹೇಳುತ್ತಾರೆ. ಆದರೆ ಜಗ್ಗಲಿಲ್ಲ. ತಾಯಿಯ ಗುರುತಿನ ಚೀಟಿ ಅವನ ಜೇಬಿನಲ್ಲಿತ್ತು. ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಸಿಗಲು ಓಡಾಡಬೇಕಾದವನು, ಆಸ್ಪತ್ರೆಯಲ್ಲಿ ಮನೆಯವರ ಪರವಾಗಿ ಸಹಿ ಹಾಕಬೇಕಾದವನು ಅವನೇ. ಕೊನೆಗೆ ಇನ್ಸಾಫ್ ಆ ದಂಡೆಯ ಮೇಲೆಯೇ ಒಂದು ವ್ಯಾಪಾರ ಮಾಡಿದರು. ಆ ಪದವೂ ಅವರದೇ.

“ನಾಳೆನೇ ಕಾಗದ ಓಡಾಡಿಸೋಕೆ ಶುರು ಮಾಡು. ಈ ತಿಂಗಳೊಳಗೆ ಆಪರೇಷನ್ ಆಗ್ಬೇಕು. ಹಾಗೆ ಮಾಡಿದ್ರೆ ನಾನು ಬಾಯಿ ಬಿಡಲ್ಲ. ಒಂದು ದಿನ ಸುಮ್ನೆ ಕೂತಿದ್ದು ಗೊತ್ತಾದ್ರೆ, ಮಸೀದಿ ಮೈಕಿನಲ್ಲಿ ಬೇಕಾದ್ರೂ ಹೇಳ್ತೀನಿ.”

ರಗಬ್ ಒಪ್ಪಿದ. ಮಾತಿಗೆ ತಕ್ಕಂತೆ ನಡೆದುಕೊಂಡ. ಪಂಪುಗಳನ್ನು ಬಿಚ್ಚಿದ್ದು ಬಿಚ್ಚಿದಂತೆಯೇ ಬಿಟ್ಟು, ಹನ್ನೊಂದು ಸಲ ಪಟ್ಟಣಕ್ಕೆ ಹೋಗಿಬಂದ. ಇಪ್ಪತ್ತನಾಲ್ಕನೇ ದಿನಕ್ಕೆ ಹಾಸಿಗೆ ಸಿಕ್ಕಿತು. ಘಟಕದ ದಾಖಲೆಯಲ್ಲಿ ಇಷ್ಟು ಬೇಗ ಆಪರೇಷನ್ ಆದವರು ಬೇರೆ ಯಾರೂ ಇಲ್ಲ ಎಂದು ಡಾ. ಮಾರಿಯಾನ್ ಹೇಳುತ್ತಾರೆ.

ಆ ಇಪ್ಪತ್ತನಾಲ್ಕು ದಿನ ಇನ್ಸಾಫ್ ಎಂದಿನಂತೆ ಮನೆಮನೆ ತಿರುಗಿದರು. ವಹೀಬಾರ ಓಣಿಯನ್ನು ತಪ್ಪಿಸುವಂತಿರಲಿಲ್ಲ. ಎದುರಾದಾಗಲೆಲ್ಲ ಒಂದೇ ಪ್ರಶ್ನೆ.

“ಕಾಗದ ಬಂತೇನೆ?”

“ಇನ್ನೂ ಇಲ್ಲ.”

“ಎರಡು ವಾರ ಅಂದಿದ್ರಲ್ಲ?”

“ಸರ್ಕಾರದ್ದು ಕಣೆ. ಅವರ ಎರಡು ವಾರ ಅಂದ್ರೆ ನಮ್ಮ ಐದು ವಾರ.”

“ಬಂದ ತಕ್ಷಣ?”

“ಬಂದ ತಕ್ಷಣ.”

“ಒಂಬತ್ತು ಸಲ ಸುಳ್ಳು ಹೇಳ್ದೆ. ಎಣಿಸಿದ್ದೀನಿ. ಒಂಬತ್ತನೇ ಸಲ ಅವಳು ನನ್ನ ಮುಖ ನೋಡ್ತಾನೇ ಇದ್ಳು. ನಾನು ಬಗ್ಗಿ ಚಪ್ಪಲಿ ಸರಿ ಮಾಡ್ಕೊಂಡೆ” ಎನ್ನುತ್ತಾರೆ ಇನ್ಸಾಫ್.

ಹೊರಡುವ ಹಿಂದಿನ ದಿನ ರಗಬ್ ತಾಯಿಗೆ ಹೇಳಿದ್ದು ಇಷ್ಟು: ಕಾಗದದಲ್ಲಿ ಏನೂ ಇಲ್ಲ, ಬರೀ ಕೊಬ್ಬಿನ ಗಂಟು, ತೆಗೆದುಬಿಟ್ಟರೆ ಒಳ್ಳೆಯದಂತೆ. ವಹೀಬಾ ಇನ್ಸಾಫ್‌ರನ್ನು ನೋಡಿದರು. ಇನ್ಸಾಫ್ ತಲೆಯಾಡಿಸಿದರು.

ಮೂವರೂ ಬೆಳಿಗ್ಗೆ ಆರೂವರೆಯ ಮೈಕ್ರೋಬಸ್ ಹತ್ತಿದರು. ಹೆಂಗಸರಿಬ್ಬರು ಹಿಂದಿನ ಸೀಟಿನಲ್ಲಿ, ರಗಬ್ ಚಾಲಕನ ಪಕ್ಕದಲ್ಲಿ. ಹತ್ತುವಾಗಲೇ ಅವನು ಚಾಲಕನ ಕಿವಿಯಲ್ಲಿ ಇಳಿಯುವ ಜಾಗ ಹೇಳಿದ್ದ. ವಹೀಬಾರಿಗೆ ಓದಲು ಬಾರದು, ಹಾಗಾಗಿ ಆಸ್ಪತ್ರೆಯ ಬೋರ್ಡು ಗುಟ್ಟು ಬಿಟ್ಟುಕೊಡುವ ಹೆದರಿಕೆ ಇರಲಿಲ್ಲ. ಎಲ್ಲ ಯೋಚಿಸಿದ್ದವರು ಚಾಲಕನ ಬಾಯಿಯನ್ನು ಯೋಚಿಸಿರಲಿಲ್ಲ.

ಪಟ್ಟಣದ ಸೇತುವೆ ದಾಟಿದ ಮೇಲೆ ಅವನು ಬ್ರೇಕು ಹಾಕಿ ಕೂಗಿದ: “ಕ್ಯಾನ್ಸರ್ ಆಸ್ಪತ್ರೆ! ಕ್ಯಾನ್ಸರ್ ಆಸ್ಪತ್ರೆಗೆ ಯಾರು ಇಳಿಯೋರು?”

ಯಾರೂ ಅಲುಗಲಿಲ್ಲ. ರಗಬ್ ಗಾಜಿನಾಚೆ ನೋಡುತ್ತಿದ್ದ. ಇನ್ಸಾಫ್ ತಮ್ಮ ಚೀಲವನ್ನು ನೋಡುತ್ತಿದ್ದರು. ಬಸ್ಸು ಮತ್ತೆ ಹೊರಟಿತು. ನೂರು ಹೆಜ್ಜೆ ಹೋಗುವಷ್ಟರಲ್ಲಿ ಚಾಲಕ ಪಕ್ಕಕ್ಕೆ ತಿರುಗಿದ.

“ಏನಪ್ಪಾ ನೀನು, ಹತ್ತುವಾಗ ಕ್ಯಾನ್ಸರ್ ಆಸ್ಪತ್ರೆ ಅಂತ ನೀನೇ ಅಲ್ವಾ ಹೇಳಿದ್ದು? ಕಿವಿ ಮನೇಲಿ ಬಿಟ್ಟು ಬಂದಿದ್ದೀಯಾ?”

ಹಿಂದಿನ ಸೀಟಿನಿಂದ ವಹೀಬಾ ಹೇಳಿದರು: “ನಿಲ್ಸಪ್ಪಾ. ಇಳಿಯೋದು ನಾನು.”

ಇಳಿದರು. ಹಿಂದಕ್ಕೆ ನಡೆದರು, ಇಬ್ಬರಿಗಿಂತ ಮುಂದೆ, ಯಾರ ಕೈಯನ್ನೂ ಹಿಡಿಯದೆ. ಮೂರನೇ ದಿನ ಎಡ ಎದೆ ತೆಗೆದರು, ಕಂಕುಳಿನದನ್ನೂ. ಆಮೇಲೆ ಔಷಧಿ ಹನಿಸುವ ಬಾಟಲಿಗಳು, ಉದುರಿದ ಕೂದಲು, ಮತ್ತೆ ಹುಟ್ಟಿದ ಕೂದಲು. ಕಂಕುಳು ದಾಟಿ ಹರಡುವ ಮುನ್ನ ಸಿಕ್ಕಿತು ಎನ್ನುತ್ತಾರೆ ಡಾಕ್ಟರುಗಳು.

ನಗ್ಲಾಳ ಮದುವೆಯೂ ಆಯಿತು. ಹುಡುಗನ ತಾಯಿ ಗೋರಂಟಿಯ ಸಂಜೆ ಎಲ್ಲರ ಮುಂದೆ ಅಂದದ್ದು ಇದು: “ನೀವು ಮುಚ್ಚಿಟ್ಟಿದ್ರಾ? ಘಟಕಕ್ಕೆ ಹೋದ ದಿನವೇ ನನಗೆ ಗೊತ್ತಿತ್ತು. ನನ್ನ ತಂಗಿಗೂ ಆಗಿತ್ತು, ಇದೇ ಇನ್ಸಾಫ್ ಹಿಡಿದುಕೊಟ್ಳು. ಹುಡುಗೀನ ನಾನು ಬೇಡ ಅಂದಿದ್ದು ಯಾವಾಗ?” ಯಾವ ಹೆದರಿಕೆಗೆ ಇಷ್ಟೆಲ್ಲ ನಡೆಯಿತೋ ಆ ಹೆದರಿಕೆಗೆ ಬುಡವೇ ಇರಲಿಲ್ಲ. ವಹೀಬಾರ ತಾಯಿಯ ಸಲ ಆದಂತೆಯೇ ಈ ಸಲವೂ ಊರಿಗೆಲ್ಲ ಗೊತ್ತಿತ್ತು.

ವಹೀಬಾ ಈ ಲೇಖನಕ್ಕೆ ಮಾತನಾಡಲು ಒಪ್ಪಿದ್ದು ಒಂದು ಷರತ್ತಿನ ಮೇಲೆ. “ನನ್ನ ಹೆಸರೇ ಹಾಕಿ. ವಹೀಬಾ ಅಬ್ದುಲ್ ಮಾಲಿಕ್. ರಗಬನ ಅಮ್ಮ ಅಂತ ಬರೆದ್ರೆ ಆ ಪೇಪರು ಒಲೆಗೆ ಹೋಗುತ್ತೆ.” ಇನ್ಸಾಫ್ ಬಗ್ಗೆ ಕೇಳಿದರೆ ಹೇಳುವುದು ಇಷ್ಟು: “ಅವಳ ಬೆರಳು ನನ್ನ ಜೀವ ಉಳಿಸ್ತು. ಆ ಬೆರಳಿಗೆ ನನ್ನ ಸಲಾಮು. ಅವಳ ಬಾಯಿ ವಿಷಯ ಕೇಳ್ಬೇಡಿ.”

ಇನ್ಸಾಫ್ ಮಾಡಿದ ವ್ಯಾಪಾರದಿಂದಲೇ ಆಪರೇಷನ್ ಬೇಗ ಆದದ್ದಲ್ಲವೇ ಎಂದರೆ ವಹೀಬಾರ ದನಿ ಏರುತ್ತದೆ.

“ನನಗೆ ಹೇಳಿದ್ರೆ ನಾನೇನು ಹೆದರಿ ಮೂಲೆ ಸೇರ್ತಿದ್ನಾ? ಅವನ ಜೇಬಿಂದ ನನ್ನ ಚೀಟಿ ಕಿತ್ಕೊಂಡು ನಾನೇ ಹೋಗ್ತಿದ್ದೆ. ಆಸ್ಪತ್ರೆ ಬಾಗಿಲಲ್ಲಿ ಕೂತು ರಂಪ ಮಾಡ್ತಿದ್ದೆ. ನಮ್ಮಮ್ಮ ಹೇಗೆ ಹೋದ್ಳು ಅಂತ ನೋಡಿದವಳು ನಾನು, ಅವನಲ್ಲ. ಇಬ್ಬರೂ ಸೇರಿ ಕಾಲುವೆ ಹತ್ರ ನನ್ನ ಮೈ ಬಗ್ಗೆ ಮಾತಾಡಿದ್ರಲ್ಲ, ಅರ್ಧ ಮೈಲಿ ದೂರದಲ್ಲಿ ನಾನು ಈರುಳ್ಳಿ ಹೆಚ್ಚುತಾ ಕೂತಿದ್ದೆ. ಕರೀಬಹುದಿತ್ತು.”

ಈಗ ವಹೀಬಾರ ಮನೆಯ ರೊಟ್ಟಿಯ ದಿನ ಇನ್ಸಾಫ್‌ಗೆ ಹೇಳಿಕಳಿಸುವುದಿಲ್ಲ. ದಾರಿಯಲ್ಲಿ ಸಿಕ್ಕರೆ ಸಲಾಮಿಗೆ ಸಲಾಮು ಉಂಟು, ಅಷ್ಟೇ. ರಗಬ್ ಮಾತ್ರ ಇನ್ಸಾಫ್‌ರನ್ನು ಕಂಡರೆ ಗಾಡಿ ನಿಲ್ಲಿಸಿ “ಚಿಕ್ಕಮ್ಮ, ಎಲ್ಲಿಗೆ ಬಿಡಲಿ?” ಎನ್ನುತ್ತಾನೆ. ಅವರು ಹತ್ತುವುದಿಲ್ಲ.

ಹಾಜಿ ನಬವಿಯ್ಯಾರ ಹಿತ್ತಿಲಿನಲ್ಲಿ ಬಿಸಿಲು ಬಂದಿದೆ, ಉಂಡೆಗಳೆಲ್ಲ ಮಾಳಿಗೆ ಏರಿವೆ. ಇನ್ಸಾಫ್ ಗೋಡೆಗೊರಗಿ ಕೂತು ಇಂದಿನ ಆರು ಅರ್ಜಿಗಳನ್ನು ತುಂಬುತ್ತಿದ್ದಾರೆ. ಒಬ್ಬೊಬ್ಬರನ್ನೂ ಕೇಳುತ್ತಾರೆ, “ಯಾರ ನಂಬರು ಬರೀಲಿ? ಯೋಚನೆ ಮಾಡಿ ಹೇಳು.” ಕೇಳತೊಡಗಿದ ಮೇಲೆ ನಲವತ್ತನಾಲ್ಕು ಹೆಂಗಸರಲ್ಲಿ ಹದಿಮೂರು ಮಂದಿ ಸ್ವಂತ ನಂಬರು ಕೊಟ್ಟಿದ್ದಾರೆ. ಉಳಿದವರು ಗಂಡನದು, ಮಗನದು. ಇಂದು ಆರರಲ್ಲಿ ಒಬ್ಬಳು. ಹಿಟ್ಟಿನಲ್ಲಿ ಕಡಲೆ ಹುಡುಕಿದ ಕಿರಿಸೊಸೆ. ನಂಬರನ್ನು ಪಿಸುಗುಟ್ಟಿ ಹೇಳಿ ಒಳಗೆ ಓಡುತ್ತಾಳೆ.

ಏನಾದರೂ ಆಸೆ ಇದೆಯೇ ಎಂದರೆ ಇನ್ಸಾಫ್ ಅರ್ಜಿಯ ಖಾಲಿ ಅಂಚನ್ನು ತೋರಿಸುತ್ತಾರೆ. “ಇಲ್ಲಿ ಇನ್ನೊಂದು ಗೆರೆ ಬೇಕು. ‘ಮೊದಲು ಯಾರಿಗೆ ಹೇಳಬೇಕು’ ಅಂತ ಅಚ್ಚು ಹಾಕಿರಬೇಕು. ಆಗ ಯಾರೂ ನೆನಪಿಟ್ಕೋಬೇಕಾಗಿಲ್ಲ. ಇದನ್ನ ಬರೆದು ಮೂರು ಸಲ ಮೇಲಿನವರಿಗೆ ಕಳಿಸಿದೆ.” ಉತ್ತರ ಬಂದಿಲ್ಲ.

ನಿಮ್ಮ ಲೆಕ್ಕ ಸರಿಯಿತ್ತೇ, ತಪ್ಪಿತ್ತೇ ಎಂದು ಕೇಳಿದಾಗ ಅವರು ಪೆನ್ನಿನ ಮುಚ್ಚಳ ಹಾಕುತ್ತಾರೆ. “ಅವಳು ಬದುಕಿದ್ದಾಳೆ. ನಾನು ಹೇಳಲಿಲ್ಲ. ಎರಡೂ ನಿಜ. ಒಂದಕ್ಕೆ ಇನ್ನೊಂದನ್ನ ವಜಾ ಹಾಕೋಕೆ ಬರಲ್ಲ.”

ವಹೀಬಾ ಅಬ್ದುಲ್ ಮಾಲಿಕ್‌ಗೆ ಅವರ ಕಾಯಿಲೆಯ ಹೆಸರನ್ನು ಮೊದಲು ಹೇಳಿದವನು ಮೈಕ್ರೋಬಸ್ಸಿನ ಚಾಲಕ. ಇನ್ಸಾಫ್ ಕೊಟ್ಟ ಮಾತು ಮುರಿಯಿತು.